ಸವಳು ಹೊಲದ ಹೊಂಡದಲ್ಲಿ ಸಮುದ್ರ ಸೌತೆ ಮರಿ ಸಾಕಬಹುದಾ?

ಗಂಗಾವತಿ ಕಡೆ ಹೊಲ ಸವಳಾಗಿ ಭತ್ತ ಬರ್ತಿಲ್ಲ, ಹೊಂಡ ತೋಡಿ ಸಮುದ್ರ ಸೌತೆ (ಸೌತೆಕಾಯಿ ಆಕಾರದ ಮೆತ್ತನೆಯ ಕಡಲ ಪ್ರಾಣಿ) ಸಾಕಲಾ ಅಂತ ಕೇಳಿದ್ದೀರಿ.

ಬೇಡ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕಾಲುವೆ ನೀರಿನಿಂದ ಸವಳಾದ ನೆಲದ ಹೊಂಡ ಅಷ್ಟು ಉಪ್ಪಾಗಲ್ಲ. ಒಂದು ಜೋರು ಮಳೆ ಬಿದ್ದರೆ ಅದೂ ಸಪ್ಪೆ.

ಫಿಲಿಪೈನ್ಸ್‌ನಂಥ ಕಡೆ ಹ್ಯಾಚರಿಯಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ಆದ ಮರಿಗಳನ್ನು ಅಲೆ ಕಡಿಮೆ ಇರುವ ಕಡಲಲ್ಲಿ ತೇಲುವ ಹಾಪಾ ಬಲೆಗೆ ಬಿಡುತ್ತಾರೆ. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಬಲೆ. ಮೇವಿನ ಖರ್ಚು ಹೆಚ್ಚುಕಡಿಮೆ ಇಲ್ಲ, ಬಲೆಗೆ ಹತ್ತುವ ಪಾಚಿಯ ತೆಳು ಪದರವನ್ನೇ ಮರಿ ತಿನ್ನುತ್ತದೆ. ಆದರೆ ಅದೇ ಪಾಚಿ ಜಾಸ್ತಿಯಾದರೆ ಕಣ್ಣು ಕಟ್ಟಿ ನೀರು ಆಡಲ್ಲ. ಹಾಗಾಗಿ ಬಲೆ ಉಜ್ಜೋದು, ಬದಲಿಸೋದೇ ದೊಡ್ಡ ಕೆಲಸ. ಕೆಲವು ಗ್ರಾಂ ತೂಕ ಬಂದ ಮೇಲೆ ಮರಳು ತಳದ ಕಡಲಿಗೆ ಬಿಡುತ್ತಾರೆ.

ಇನ್ನೊಂದು, ನಮ್ಮ ದೇಶದಲ್ಲಿ 2001ರಿಂದ ಸಮುದ್ರ ಸೌತೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದೆ. ಹಿಡಿಯೋದು, ಮಾರೋದು ಅಪರಾಧ. ಮರಿ ಕೊಡ್ತೀನಿ ಅಂತ ಯಾರಾದರೂ ಬಂದರೆ ಸುಮ್ನೆ ಮುಂಗಡ ಕೊಟ್ಟು ಕೂರಬೇಡಿ.

ಹೊಂಡ ತೋಡೋದೇ ಆದರೆ ಮೊದಲು ನೀರು, ಮಣ್ಣು ಪರೀಕ್ಷೆ ಮಾಡಿಸಿ. ಉಪ್ಪು ಕಡಿಮೆ ಇದ್ದರೆ ಅದೇ ಹಾಪಾ ಬಲೆಯಲ್ಲಿ ರೋಹು, ಕಾಟ್ಲಾ ಮೀನಿನ ಮರಿ ಬೆಳೆಸಿ ಮಾರಬಹುದು, ಅಲ್ವಾ?