"ಚೆನ್ನಾಗಿ" ಎಂದರೆ ಎಷ್ಟು?

ನಮಸ್ಕಾರ,

ಕಾರಿನ ಬ್ರೇಕ್ ಕ್ಯಾಲಿಪರ್‌ಗಳ (ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅದುಮಿ ನಿಲ್ಲಿಸುವ ಭಾಗ) ಕೊಳೆ ತೆಗೆದು ತುಕ್ಕು ಹಿಡಿಯದಂತೆ ಕಾಪಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಕಾರನ್ನು ಜಾಕ್ ಮೇಲಷ್ಟೇ ನಂಬಿ ಬಿಡದೆ ಸ್ಟ್ಯಾಂಡ್ ಕೊಡಬೇಕೆಂದು ಮೊದಲೇ ಹೇಳಿದ್ದೀರಿ, ಒಳ್ಳೆಯದು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ನನ್ನನ್ನು ಕೆಣಕಿದ್ದು ಒಂದೇ ಪದ: "ಚೆನ್ನಾಗಿ". 14 ಸಲ ಬಂದಿದೆ. ಚೆನ್ನಾಗಿ ಉಜ್ಜಿ, ಚೆನ್ನಾಗಿ ಗ್ರೀಸ್ ತುಂಬಿ, ಚೆನ್ನಾಗಿ ಬಣ್ಣ ಬಳಿಯಿರಿ. ಓದುಗ ನಿಮ್ಮನ್ನು ನಂಬಿ ಹಾಗೆಯೇ ಮಾಡಿದರೆ ಬ್ರೇಕ್ ಕೆಡುತ್ತದೆ. ಮೂರೇ ಸಾಲು ತೆಗೆದುಕೊಳ್ಳುತ್ತೇನೆ.

"ಕ್ಯಾಲಿಪರ್ ಬಿಚ್ಚಿ ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ."

ಬಿಚ್ಚಿದ ಕ್ಯಾಲಿಪರ್ ಎಲ್ಲಿ ಇರಬೇಕು? ನೀವು ಹೇಳಿಲ್ಲ. ಹೇಳದಿದ್ದರೆ ಅದು ಬ್ರೇಕ್ ಹೋಸ್‌ನಲ್ಲೇ ಜೋತಾಡುತ್ತದೆ, ಹೋಸ್ ಒಳಗೊಳಗೇ ಸೀಳಬಹುದು, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಗಟ್ಟಿ ತಂತಿಯಿಂದ ಸಸ್ಪೆನ್ಷನ್‌ನ ಸ್ಪ್ರಿಂಗ್‌ಗೆ ಕಟ್ಟಿ ಎಂದು ಬರೆಯಿರಿ. ಒಣ ಧೂಳನ್ನು ಉಜ್ಜುವುದಾಗಲಿ ಗಾಳಿ ಹೊಡೆದು ಹಾರಿಸುವುದಾಗಲಿ ಬೇಡ; ಹಳೆಯ ಪ್ಯಾಡ್‌ಗಳಲ್ಲಿ ಉಸಿರಿಗೆ ಕೇಡಾದ ಕಲ್ನಾರು (ಆಸ್ಬೆಸ್ಟಾಸ್) ಇದ್ದಿರಬಹುದು. ಮೊದಲು ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ, ಆಮೇಲೆ ಬ್ರಷ್.

ಉಜ್ಜಬೇಕಾದ್ದು ಎಲ್ಲಿ? ನಿಮ್ಮ ಗಮನವೆಲ್ಲ ಚಕ್ರದ ಸಂದಿಯಿಂದ ಕಾಣುವ ಹೊರಮೈ ಮೇಲಿದೆ. ಎರಕದ ಕಬ್ಬಿಣದ ಆ ಮೈಗೆ ತುಕ್ಕು ಬಂದರೆ ನೋಡಲು ಅಸಹ್ಯ, ಅಷ್ಟೆ. ನಿಜವಾದ ತೊಂದರೆ ಕ್ಯಾಲಿಪರನ್ನು ಹೊತ್ತ ಚೌಕಟ್ಟಿನಲ್ಲಿ, ಅಂದರೆ ಬ್ರಾಕೆಟ್‌ನಲ್ಲಿ, ಪ್ಯಾಡ್‌ನ ಕಿವಿಗಳು ಕೂರುವ ಜಾಗದಲ್ಲಿ, ಸ್ಟೀಲ್ ಕ್ಲಿಪ್‌ನ ಅಡಿಯಲ್ಲಿ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಉಬ್ಬಿದ ತುಕ್ಕು ಕ್ಲಿಪ್ಪನ್ನು ಮೇಲೆತ್ತುತ್ತದೆ, ಪ್ಯಾಡ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಪೆಡಲ್‌ನಿಂದ ಕಾಲು ತೆಗೆದರೂ ಅದು ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ಚಕ್ರ ಬಿಸಿಯಾಗುತ್ತದೆ, ಒಂದು ಪ್ಯಾಡ್ ಇನ್ನೊಂದಕ್ಕಿಂತ ಬೇಗ ಸವೆಯುತ್ತದೆ. ಆದ್ದರಿಂದ ಕ್ಲಿಪ್ ಕಿತ್ತು, ಅದರಡಿಯ ತುಕ್ಕನ್ನು ಚಪ್ಪಟೆ ಅರದಿಂದ ಲೋಹ ಕಾಣುವಷ್ಟು ಮಾತ್ರ ತೆಗೆಯಬೇಕು. ಲೋಹವನ್ನೇ ಅರೆದರೆ ಪ್ಯಾಡ್ ಸಡಿಲವಾಗಿ ಕಟಕಟ ಅನ್ನುತ್ತದೆ. ಸೊಟ್ಟಗಾದ ಕ್ಲಿಪ್ ಇದ್ದರೆ ಹೊಸದು ಹಾಕಬೇಕು. ಇಡೀ ಲೇಖನದ ಜೀವ ಇರಬೇಕಾದ್ದು ಇಲ್ಲಿ. ನೀವು ಕ್ಲಿಪ್ ಎಂಬ ಪದವನ್ನೇ ಬಳಸಿಲ್ಲ.

ವೈರ್ ಬ್ರಷ್ ತಾಗಬಾರದ ಜಾಗಗಳೂ ಇವೆ: ಪ್ಯಾಡನ್ನು ಒತ್ತುವ ಪಿಸ್ಟನ್‌ನ ಸುತ್ತಲಿನ ರಬ್ಬರ್ ಬೂಟ್ (ನೀರು ತಡೆಯುವ ಕವಚ), ಕ್ಯಾಲಿಪರ್ ಜಾರಾಡುವ ಪಿನ್‌ಗಳ ಬೂಟ್, ಪಿಸ್ಟನ್‌ನ ನುಣುಪು ಮೈ. ಬೂಟ್‌ನಲ್ಲಿ ಸಣ್ಣ ತೂತಾದರೂ ಸಾಕು, ನೀರು ಒಳಗಿಳಿದು ಪಿಸ್ಟನ್ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕ್ಯಾಲಿಪರ್ ಅಲ್ಯೂಮಿನಿಯಂನದಾದರೆ ಸ್ಟೀಲ್ ಬ್ರಷ್ ಬಿಟ್ಟು ನೈಲಾನ್ ಹಿಡಿಯಿರಿ, ಆಮ್ಲ ಬೆರೆತ ವೀಲ್ ಕ್ಲೀನರ್ ಹತ್ತಿರಕ್ಕೂ ತರಬೇಡಿ.

"ಪಿನ್‌ಗಳಿಗೆ ಚೆನ್ನಾಗಿ ಗ್ರೀಸ್ ತುಂಬಿ."

ಇದನ್ನು ಓದಿ ನಿಜಕ್ಕೂ ಸಿಟ್ಟು ಬಂತು. ಯಾವ ಗ್ರೀಸ್? ಬೇರಿಂಗ್‌ಗೆ ಹಾಕುವ ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಬ್ರೇಕಿನ ರಬ್ಬರ್ ಊದಿಕೊಂಡು ಪಿನ್ ಬಿಗಿಯುತ್ತದೆ. ಬ್ರೇಕ್‌ಗೆಂದೇ ಮಾಡಿದ, ರಬ್ಬರ್‌ಗೆ ಹೊಂದುವ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸ್ ಬೇಕು. ಎಷ್ಟು? ಹಳೆಯದನ್ನು ಪೂರ್ತಿ ಒರೆಸಿ, ಪಿನ್‌ನ ಮೈ ಮಿನುಗುವಷ್ಟು ತೆಳ್ಳಗೆ ಸವರಿದರೆ ಮುಗಿಯಿತು. ತೂತಿಗೆ ಗ್ರೀಸ್ ತುಂಬಿದರೆ ಪಿನ್ ಒಳಗೆ ಹೋಗಲಾರದು, ಒತ್ತಿದರೂ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಎರಡು ಪಿನ್‌ಗಳಲ್ಲಿ ಒಂದಕ್ಕೆ ತುದಿಯಲ್ಲಿ ರಬ್ಬರ್ ಬುಷ್ ಇರುವುದುಂಟು, ಅದಲುಬದಲು ಆಗಬಾರದು. ನಾನು ಕೈಕೆಲಸ ಕಲಿಯುವಾಗ ಹಿರಿಯರ ನಿಯಮ ಒಂದೇ ಇತ್ತು: ಗ್ರೀಸ್ ಯಾವ ಜಾಗಕ್ಕೆ ಎಂದು ಬಾಯಲ್ಲಿ ಹೇಳಿದ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯಬೇಕು. ಬರೆಯಲು ಕೂತಾಗಲೂ ಅದನ್ನೇ ಪಾಲಿಸುತ್ತೇನೆ.

ಇದೇ ಪ್ಯಾರಾದಲ್ಲಿ "ಬ್ರೇಕ್ ಆಯಿಲ್" ಅಂದಿದ್ದೀರಿ. ಎಲ್ಲರೂ ಹಾಗೇ ಅನ್ನುತ್ತಾರೆ, ಬಿಡಿ. ಆದರೆ ಬ್ರೇಕ್‌ಗೆ ಹಾಕುವ ಫ್ಲೂಯಿಡ್‌ನ ದರ್ಜೆಗಳಾದ ಡಾಟ್ 3, ಡಾಟ್ 4 ಯಾವುದೂ ಎಣ್ಣೆಯಲ್ಲ. ಹೆಸರು ನಂಬಿ ಯಾರಾದರೂ ಎಂಜಿನ್ ಆಯಿಲ್ ಹಾಕಿದರೆ ಒಳಗಿನ ಸೀಲ್‌ಗಳೆಲ್ಲ ಹಾಳು. ಈ ಡಾಟ್ ಫ್ಲೂಯಿಡ್‌ಗಳು ಗಾಳಿಯ ತೇವ ಹೀರುವುದರಿಂದ ಪಿಸ್ಟನ್‌ಗೆ ಒಳಗಿನಿಂದಲೂ ತುಕ್ಕು ಬರುತ್ತದೆ ಎಂಬ ಮಾತನ್ನೂ ಸೇರಿಸಿ. ಹೊರಗೆ ಎಷ್ಟು ತಿಕ್ಕಿದರೂ ಕಾಲಕಾಲಕ್ಕೆ ಫ್ಲೂಯಿಡ್ ಬದಲಿಸದಿದ್ದರೆ ವ್ಯರ್ಥ.

"ಕೊನೆಗೆ ಕ್ಯಾಲಿಪರ್ ಪೂರ್ತಿ ಮುಚ್ಚುವಂತೆ ಚೆನ್ನಾಗಿ ಬಣ್ಣ ಬಳಿಯಿರಿ."

ಪೂರ್ತಿ ಬೇಡ. ಪಿಸ್ಟನ್, ಬೂಟ್‌ಗಳು, ಪಿನ್ ಮತ್ತು ಅದರ ತೂತು, ಪ್ಯಾಡ್ ಕೂರುವ ಜಾಗ, ಬ್ಲೀಡರ್ ನಿಪ್ಪಲ್ (ಫ್ಲೂಯಿಡ್‌ನೊಳಗಿನ ಗಾಳಿ ಹೊರಬಿಡುವ ತಿರುಪು), ಡಿಸ್ಕ್: ಇಷ್ಟಕ್ಕೂ ಮೊದಲೇ ಟೇಪ್ ಅಂಟಿಸಬೇಕು. ಬೋಲ್ಟ್ ಕೂರುವ ಮೈಗೂ ಬಣ್ಣ ತಾಗಬಾರದು. ಬಿಗಿಮಾಡಿದ ಮೇಲೆ ನಡುವಿನ ಬಣ್ಣ ಅದುಮಿ ಉದುರುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಬಣ್ಣ ಶಾಖ ತಡೆಯುವ ಕ್ಯಾಲಿಪರ್ ಪೇಂಟೇ ಆಗಬೇಕು. ಬಳಿಯುವ ಮೊದಲು ಜಿಡ್ಡು ಪೂರ್ತಿ ಹೋಗಿರಬೇಕು, ಒಂದು ದಪ್ಪ ಕೋಟ್ ಬದಲು ತೆಳುವಾದ ಎರಡು ಮೂರು ಕೋಟ್. ನಿಪ್ಪಲ್‌ನ ರಬ್ಬರ್ ಟೊಪ್ಪಿಗೆ ಕಳೆದಿದ್ದರೆ ಹೊಸದು ಹಾಕಿ. ಅದಿಲ್ಲದೆ ನೀರು ನಿಂತ ನಿಪ್ಪಲ್ ತುಕ್ಕು ಹಿಡಿದು ಮುಂದೆ ಬಿಚ್ಚುವಾಗ ಮುರಿಯಬಹುದು.

ಫೋಟೋ, ಶಾಂಪೂ, ಪಾಲಿಶ್ ಬಗ್ಗೆ ಬರೆದದ್ದನ್ನೆಲ್ಲ ನಾನು ಮುಟ್ಟಿಲ್ಲ, ಇಟ್ಟುಕೊಳ್ಳುವುದೂ ಬಿಡುವುದೂ ನಿಮ್ಮಿಷ್ಟ. ಆದರೆ ನಿಮ್ಮ ಕೊನೆಯ ಸಾಲು "ಈಗ ಕಾರು ತೆಗೆದು ಒಂದು ಸುತ್ತು ಹೋಗಿಬನ್ನಿ" ಎಂದಿದೆ. ಕ್ಯಾಲಿಪರ್ ಮತ್ತೆ ಕೂರಿಸುವಾಗ ಪಿಸ್ಟನ್ನನ್ನು ಒಳಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಸಲ ಒತ್ತಿದ ಪೆಡಲ್ ಪ್ಯಾಡನ್ನು ಡಿಸ್ಕ್‌ಗೆ ತಾಗಿಸದೆ ನೇರ ಕೆಳಗೆ ಹೋಗುತ್ತದೆ. ಆ ಸಾಲಿನ ಮೊದಲು, ಕಾರು ನಿಂತಿರುವಾಗಲೇ ಪೆಡಲ್ ಗಟ್ಟಿಯಾಗುವ ತನಕ ಮತ್ತೆಮತ್ತೆ ಒತ್ತಿ, ಫ್ಲೂಯಿಡ್ ಮಟ್ಟ ನೋಡಿ ಎಂದು ಸೇರಿಸಿ ಕಳಿಸಿ.