ನುಡಿಯ ಕಡತಗಳಿರುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್

ಪ್ರಶ್ನೆ: ನಾನು ಗದಗ-ಬೆಟಗೇರಿಯ ನಿವೃತ್ತ ಶಿಕ್ಷಕ. 2010ರಲ್ಲಿ ಕೊಂಡ ನನ್ನ ಡೆಸ್ಕ್‌ಟಾಪಿನಲ್ಲಿ ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7 ಇವೆ. ಅದು ಚಾಲೂ ಆಗಲು ಹತ್ತು ನಿಮಿಷ ಬೇಕು. ಬ್ಯಾಂಕಿನ ಜಾಲತಾಣವಂತೂ ತೆರೆಯುವುದೇ ಇಲ್ಲ. ರಿಪೇರಿಯವರು ಗುಜರಿಗೆ ಹಾಕಿ ಎನ್ನುತ್ತಾರೆ. ವಿಂಡೋಸ್ ಬದಲಿಗೆ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಹಾಕಿಸಿದರೆ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನನ್ನ ಬರಹಗಳು ಉಳಿಯುತ್ತವೆಯೇ?

ಉತ್ತರ: ಗುಜರಿಗೆ ಹಾಕಬೇಕಾದ ಯಂತ್ರವಲ್ಲ ಇದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು, 2023ರಲ್ಲಿ ಕ್ರೋಮ್ ಕೂಡ ಅದನ್ನು ಕೈಬಿಟ್ಟಿತು. ಬ್ಯಾಂಕಿನ ತಾಣ ತೆರೆಯದಿರುವುದಕ್ಕೆ ಹಳೆಯ ಬ್ರೌಸರೇ ಕಾರಣವಾಗಿರುವ ಸಂಭವ ಹೆಚ್ಚು. ಆದರೂ ಪರದೆಯ ಮೂಲೆಯ ದಿನಾಂಕವನ್ನು ಒಮ್ಮೆ ನೋಡಿರಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು ದಿನಾಂಕ ಹಿಂದೆ ಹೋಗಿದ್ದರೆ ಯಾವ ಸುರಕ್ಷಿತ ತಾಣವೂ ಸರಿಯಾಗಿ ತೆರೆಯದು.

ಕೋರ್ 2 ಡ್ಯುಯೊ 64 ಬಿಟ್‌ನ ಪ್ರೊಸೆಸರ್ ಆದ್ದರಿಂದ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಅದರಲ್ಲಿ ನಡೆಯುತ್ತದೆ. 2 ಜಿಬಿ ಅದಕ್ಕೆ ಕನಿಷ್ಠ ಅಗತ್ಯವಷ್ಟೇ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಸಾಲದು. 4 ಜಿಬಿಗೆ ಏರಿಸುವ ಮುನ್ನ ಬೋರ್ಡಿನಲ್ಲಿರುವುದು ಡಿಡಿಆರ್2 ರ‍್ಯಾಮೋ ಡಿಡಿಆರ್3 ರ‍್ಯಾಮೋ ಎಂದು ನೋಡಿಕೊಳ್ಳಿರಿ, ಏಕೆಂದರೆ ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಹುಬ್ಬಳ್ಳಿಗೆ ಹೋದಾಗ ಹಳೆಯ ರ‍್ಯಾಮ್ ಪಟ್ಟಿಯನ್ನೇ ಕಳಚಿ ಒಯ್ದು ತೋರಿಸುವುದು ಲೇಸು.

ಆದರೆ ಮೊದಲ ಖರ್ಚನ್ನು ನಾನಾದರೆ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಿಗೆ, ಮಾಡುತ್ತೇನೆ. ಹತ್ತು ನಿಮಿಷದ ವಿಳಂಬದಲ್ಲಿ ತಿರುಗುವ ಹಾರ್ಡ್ ಡಿಸ್ಕಿನ ಪಾಲೇ ದೊಡ್ಡದು. ಇನ್ನೊಂದು ಲಾಭವೂ ಇದೆ: ಹಳೆಯ ಡಿಸ್ಕಿನ ಕೇಬಲ್ ಕಳಚಿಟ್ಟು ಹೊಸ ಎಸ್‌ಎಸ್‌ಡಿಯ ಮೇಲೆ ಮಿಂಟ್ ಅಳವಡಿಸಿದರೆ ನಿಮ್ಮ ಬರಹಗಳಿಗೆ ಯಾರ ಕೈಯೂ ತಾಗುವುದಿಲ್ಲ. ಆಮೇಲೆ ಕೇಬಲ್ ಮತ್ತೆ ಜೋಡಿಸಿದಾಗ ವಿಂಡೋಸ್‌ನ ಆ ಡಿಸ್ಕನ್ನು ಲಿನಕ್ಸ್ ಓದುತ್ತದೆ.

ಕಡತಗಳು ಉಳಿದರೂ ಅಕ್ಷರಗಳು ಕಾಣದೆ ಹೋಗಬಹುದು ಎಂಬುದೇ ನಿಜವಾದ ತೊಡಕು. ಹಳೆಯ ನುಡಿಯ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದವು, ಹಾಗಾಗಿ ಫಾಂಟ್ ಇಲ್ಲದ ಕಡೆ ನಿಮ್ಮ ಪಾಠವೆಲ್ಲ ಅರ್ಥವಿಲ್ಲದ ರೋಮನ್ ಗೀಟುಗಳಾಗಿ ಕಾಣುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ನಕಲಿಸಿ ಮಿಂಟ್‌ನಲ್ಲಿ ಸ್ಥಾಪಿಸಿದರೆ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ನಿಮ್ಮ ಬರಹಗಳು ಓದಲು ಬರುತ್ತವೆ. ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ತಿದ್ದಿ ಮುಗಿಯುವವರೆಗೆ ಮೂಲವನ್ನು ಅಳಿಸಬೇಡಿರಿ. ಹೊಸ ಬರಹಕ್ಕೆ ಐಬಸ್‌ನಲ್ಲಿ (ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪ್ ಮಾಡಿಸುವ ತಂತ್ರಾಂಶ) ನುಡಿಯದೇ ವಿನ್ಯಾಸವಾದ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ನುಡಿಗೆ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಡ.

ಏನನ್ನೂ ಕೊಳ್ಳುವ ಮೊದಲು 8 ಜಿಬಿಯ ಪೆನ್‌ಡ್ರೈವಿನಿಂದ ಮಿಂಟ್ ಅನ್ನು ಹಾಗೆಯೇ ಚಲಾಯಿಸಿ ಧ್ವನಿ, ಇಂಟರ್‌ನೆಟ್ ಎರಡನ್ನೂ ಪರೀಕ್ಷಿಸಿರಿ. ಅಳವಡಿಸದೆಯೇ ಇದು ಸಾಧ್ಯ, ನಿಧಾನವಾಗಿರುತ್ತದೆ ಅಷ್ಟೆ. ಮನೆಯಲ್ಲಿರುವ ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900 ಆಗಿದ್ದರೆ ಮಾತ್ರ ಅದು ತಾನಾಗಿ ಕೆಲಸ ಮಾಡದು, ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಆ ಕೆಲಸಕ್ಕೆ ಲಿನಕ್ಸ್ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿರಿ.