ಡಿಎನ್‌ಎ ದುಪ್ಪಟ್ಟಾದರೂ ಕ್ರೋಮೋಸೋಮ್ 16 ಆಗಿಯೇ ಇರುವುದೇಕೆ?

ಈರುಳ್ಳಿ ಬೇರಿನ ಕೋಶದಲ್ಲಿ ಎಸ್ ಹಂತ (ವಿಭಜನೆಗೆ ಮೊದಲು ಡಿಎನ್‌ಎ ನಕಲಾಗುವ ಹಂತ) ಮುಗಿದಾಗ ಡಿಎನ್‌ಎ ದುಪ್ಪಟ್ಟಾಗಿರುತ್ತದೆ, ಆದರೂ ಕ್ರೋಮೋಸೋಮ್ 16 ಎಂದೇ ಬರೆಯುತ್ತಾರಲ್ಲ, ಹೇಗೆ ಎಂದು ಕೇಳಿದ್ದೀರಿ. ಪಿಯುಸಿಯಲ್ಲಿ ಇದನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗಿಬಿಡುತ್ತಾರೆ. ನೀವು ನಿಂತು ಕೇಳಿದ್ದು ಖುಷಿಯಾಯಿತು.

ಕ್ರೋಮೋಸೋಮ್ ಎಣಿಸುವಾಗ ನೋಡುವುದು ಸೆಂಟ್ರೋಮಿಯರ್, ಅಂದರೆ ಕ್ರೋಮೋಸೋಮಿನ ಸೊಂಟದಂಥ ಭಾಗ, ಇರುವ ಜಾಗವನ್ನು; ಅಲ್ಲಿ ಜೋಡಿಯಾಗಿ ಅಂಟಿಕೊಂಡಿರುವುದೆಲ್ಲ ಒಂದೇ ಲೆಕ್ಕ. ಎಸ್ ಹಂತದಲ್ಲಿ ಪ್ರತಿ ಕ್ರೋಮೋಸೋಮಿನ ಡಿಎನ್‌ಎ ಎರಡಾಗುತ್ತದೆ, ಆದರೆ ಆ ಎರಡು ಪ್ರತಿಗಳು ದೂರ ಸರಿಯುವುದಿಲ್ಲ. ಕೊಹೆಸಿನ್ ಎಂಬ ಪ್ರೋಟೀನ್ ಬಳೆಯಂತೆ ಸುತ್ತುವರಿದು ಅವನ್ನು ಜೋಡಿಯಾಗಿಯೇ ಹಿಡಿದಿಟ್ಟಿರುತ್ತದೆ. ಜೋಡಿಯ ಒಂದೊಂದು ಎಳೆಯೂ ಒಂದು ಕ್ರೊಮ್ಯಾಟಿಡ್. ಹಾಗಾಗಿ ಕ್ರೊಮ್ಯಾಟಿಡ್ 32, ಕ್ರೋಮೋಸೋಮ್ 16. (ಇವೆರಡರಲ್ಲಿ ಅಸಲು ಯಾವುದು, ನಕಲು ಯಾವುದು ಎಂದು ಕೇಳಬೇಡಿ. ಎರಡರಲ್ಲೂ ಅರ್ಧ ಹಳೆಯ ಡಿಎನ್‌ಎ ತಂತು, ಅರ್ಧ ಹೊಸದು. ನನಗೆ ಇಡೀ ಪಾಠದಲ್ಲೇ ಅತಿ ಇಷ್ಟವಾದ ಸಂಗತಿ ಇದು.)

ಕೋಶ ವಿಭಜನೆಯ ನಡುವಿನ ಹಂತವಾದ ಮೆಟಾಫೇಸ್‌ನಲ್ಲಿ ಎಲ್ಲ 16 ಜೋಡಿಗಳೂ ಕೋಶದ ನಡುವೆ ಸಾಲುಗಟ್ಟುತ್ತವೆ. ಪ್ರತಿ ಜೋಡಿಯನ್ನೂ ಎರಡು ಧ್ರುವಗಳಿಂದ ಬಂದ ನೂಲುಗಳು ಸರಿಯಾಗಿ ಹಿಡಿದಿವೆ ಎಂದು ಖಾತ್ರಿಯಾಗುವವರೆಗೆ ಕೋಶ ಕಾಯುತ್ತದೆ. ಆಮೇಲೆ ಸೆಪರೇಸ್ ಎಂಬ ಕಿಣ್ವ ಕೊಹೆಸಿನ್ ಅನ್ನು ಕತ್ತರಿಸುತ್ತದೆ. ಬೇರೆಯಾದ ಪ್ರತಿ ಕ್ರೊಮ್ಯಾಟಿಡ್ ಆ ಕ್ಷಣದಿಂದ ಒಂದು ಪೂರ್ಣ ಕ್ರೋಮೋಸೋಮ್.

ಆದ್ದರಿಂದ ಪರೀಕ್ಷೆಯಲ್ಲಿ ಅನಾಫೇಸ್ (ಹೀಗೆ ಬೇರೆಯಾಗಿ ದೂರ ಸರಿಯುವ ಹಂತ) ಕೋಶದ ಲೆಕ್ಕ ಕೇಳಿದರೆ 32 ಎಂದು ಬರೆಯಿರಿ. ನಡುವೆ ಕೋಶಫಲಕ ಬೆಳೆದು ಗೋಡೆಯಾದ ಮೇಲೆ ಪ್ರತಿ ಮರಿಕೋಶಕ್ಕೂ ಮತ್ತೆ 16, ಡಿಎನ್‌ಎ ಪ್ರಮಾಣವೂ ಅರ್ಧಕ್ಕೆ ಇಳಿದಿರುತ್ತದೆ.